ಕರೆಂಟ್ ಡಿಮ್ ಆದಾಗ ಕರೆಂಟ್ ಜಾಸ್ತಿ

ಹಾಸ್ಟೆಲ್‌ನಲ್ಲಿ ಯಾರಾದ್ರೂ ಹೊಸ ಪಿಸಿ ಕಟ್ತೀವಿ ಅಂದ್ರೆ ಮೊದಲ ಪ್ರಶ್ನೆ 'ಜಿಪಿಯು ಯಾವ್ದಲೇ?' ಎರಡನೇದು 'ಪ್ರೊಸೆಸರ್?' ಮೂರನೇದು 'ಲೈಟ್ ಹತ್ತತಾವೋ ಇಲ್ಲೋ?' ಎಸ್‌ಎಂಪಿಎಸ್ ಯಾವುದು ಅಂತ ಯಾರೂ ಕೇಳಲ್ಲ. ಎಲ್ಲಾ ಕೊಂಡಾದ ಮೇಲೆ ಜೇಬಿನಲ್ಲಿ ಉಳಿದದ್ದಕ್ಕೆ ಯಾವುದು ಬರುತ್ತೋ ಅದೇ ಎಸ್‌ಎಂಪಿಎಸ್. ನಮ್ಮ ವಾದ ಇಷ್ಟೇ: ವೋಲ್ಟೇಜ್ ಅಲುಗಾಡದ ಜಾಗದಲ್ಲಿ ಕೂತು ಆಡುವವರಿಗೆ ಈ ಕ್ರಮ ನಡೀಬಹುದು. ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನೆ ಇರುವವರಿಗೆ ನಡೆಯಲ್ಲ. ನಮಗೆ ಮೊದಲು ಎಸ್‌ಎಂಪಿಎಸ್, ಆಮೇಲೆ ಉಳಿದ ದುಡ್ಡಿಗೆ ಜಿಪಿಯು.

ನಾವು ಅಂದ್ರೆ ಮೂವರು. ಒಬ್ಬನ ಮನೆ ಆಳಂದ ಪೇಟೆಯೊಳಗೆ, ಒಬ್ಬನದು ಅಫಜಲಪುರದ ಹತ್ತಿರ ಹೊಲದಾಗ, ಇನ್ನೊಬ್ಬನದು ಜೇವರ್ಗಿ. ಒಬ್ಬೊಬ್ಬರೇ ಒಂದೊಂದು ಗೇಮಿಂಗ್ ಪಿಸಿ ಕಟ್ಟುವ ಶಕ್ತಿ ಮೂವರಿಗೂ ಇಲ್ಲ. ಹಾಗಾಗಿ ಸ್ಕಾಲರ್‌ಶಿಪ್, ಟ್ಯೂಷನ್ ಹೇಳಿ ಕೂಡಿಸಿದ್ದು, ಜಾತ್ರೆಗೆ ಅಜ್ಜಿ ಕೊಟ್ಟದ್ದು ಎಲ್ಲಾ ಸೇರಿಸಿ ಒಂದೇ ಮಷಿನ್. ಸೆಮಿಸ್ಟರ್ ನಡೆಯುವಾಗ ರೂಮಿನಲ್ಲಿ ಇರುತ್ತೆ, ರಜೆಯಲ್ಲಿ ಸರದಿ ಪ್ರಕಾರ ಮನೆಮನೆಗೆ ಹೋಗುತ್ತೆ. ಕಾಂಪ್ಯಾಕ್ಟ್ ಬಿಲ್ಡ್ ಬೇಕಾದದ್ದು ಇದಕ್ಕೇ ಹೊರತು ಮೇಜಿನ ಮೇಲೆ ಚಂದ ಕಾಣಲಿ ಅಂತಲ್ಲ. ಕಲಬುರಗಿಯಿಂದ ಆಳಂದಕ್ಕೂ ಜೇವರ್ಗಿಗೂ ಸುಮಾರು 40 ಕಿಲೋಮೀಟರ್, ಅಫಜಲಪುರಕ್ಕೆ ಇನ್ನೂ ಜಾಸ್ತಿ. ಅಷ್ಟು ದೂರ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಬೇಕು. ದೊಡ್ಡ ಟವರ್ ಕ್ಯಾಬಿನೆಟ್ ಹಿಡಿದು ಹತ್ತಿದರೆ ಕಂಡಕ್ಟರ್ ಅದಕ್ಕೂ ಟಿಕೆಟ್ ಹರೀತಾನೆ.

ಎಸ್‌ಎಂಪಿಎಸ್ ಮೇಲೆ ನಮಗೆ ಇಷ್ಟು ಕಾಳಜಿ ಹುಟ್ಟಿದ್ದು ಪುಸ್ತಕ ಓದಿ ಅಲ್ಲ. ನಮ್ಮಲ್ಲಿ ಒಬ್ಬನ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇತ್ತು. ಅದರ ಎಸ್‌ಎಂಪಿಎಸ್ ಕೆಟ್ಟಾಗ ಒಂದು ಅಂಗಡಿಯಿಂದ '450 ವ್ಯಾಟ್' ಅಂತ ಬರೆದಿದ್ದ ಅಗ್ಗದ ಡಬ್ಬಿ ತಂದು ಹಾಕಿಸಿದ್ದರು. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ. ಒಂದು ರಾತ್ರಿ ಲೈಟು ಒಮ್ಮೆಲೇ ಝಗ್ ಅಂತ ಬೆಳಗಿ ಆರಿತು, ಪಿಸಿಯಿಂದ ಟಪ್ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಗಿದ್ದರೆ ಹೋಗಲಿ ಅನ್ನಬಹುದಿತ್ತು. ಅದು ಮದರ್‌ಬೋರ್ಡ್ ಮತ್ತು ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆ ಡಿಸ್ಕಿನಲ್ಲಿ ಅವನ ಅಕ್ಕ ಬಿ.ಎಡ್.ಗೆ ಅಂತ ಎರಡು ವರ್ಷ ಮಾಡಿಟ್ಟಿದ್ದ ಪಾಠಯೋಜನೆಗಳೆಲ್ಲಾ ಇದ್ದವು. ಅಕ್ಕ ಬೈಯಲಿಲ್ಲ. ಮತ್ತೆ ಮೊದಲಿನಿಂದ ಕೈಯಲ್ಲೇ ಬರೆಯೋಕೆ ಕೂತಳು. ಬೈದಿದ್ದರೇ ಚೆನ್ನಾಗಿತ್ತು ಅಂತ ಅವನು ಈಗಲೂ ಹೇಳ್ತಾನೆ.

ಆ ಡಬ್ಬಿಯ ಲೇಬಲ್ ಆಮೇಲೆ ಓದಿದೆವು. 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್ ಅಂತಿತ್ತು. 12 ಗುಣಿಸು 16, 192 ವ್ಯಾಟ್. ಇವತ್ತಿನ ಪಿಸಿಯಲ್ಲಿ ಪ್ರೊಸೆಸರ್, ಜಿಪಿಯು ಎರಡೂ ಎಳೆಯುವುದು 12 ವೋಲ್ಟಿನಿಂದಲೇ. ಉಳಿದ ವ್ಯಾಟೆಲ್ಲಾ 5 ವೋಲ್ಟು, 3.3 ವೋಲ್ಟಿನ ಲೆಕ್ಕ ಕೂಡಿಸಿ ತೋರಿಸಿದ ಅಂಕಿ. ಹೊರಗೆ ದಪ್ಪಕ್ಷರದಲ್ಲಿ 450, ಒಳಗೆ ಕೆಲಸಕ್ಕೆ ಬರುವುದು 192. ಅಂಗಡಿಗೆ ಹೋದಾಗ ಬಾಕ್ಸಿನ ಮುಂಭಾಗ ನೋಡಬೇಡಿ, ಪಕ್ಕಕ್ಕೆ ತಿರುಗಿಸಿ ಈ ಒಂದು ಗುಣಾಕಾರ ಮಾಡಿ. ಪಿಯುಸಿ ಗಣಿತ ಕೂಡ ಬೇಡ.

ಈಗ ಕರೆಂಟಿನ ವಿಷಯ. ನಮ್ಮ ಕಡೆ ವೋಲ್ಟೇಜ್, ಕರೆಂಟ್, ಪವರ್ ಎಲ್ಲದಕ್ಕೂ ಒಂದೇ ಮಾತು: ಕರೆಂಟ್. 'ಕರೆಂಟ್ ಹೋಯ್ತು', 'ಕರೆಂಟ್ ಬಂತು', ಮತ್ತೆ ಸಂಜೆ ಆದರೆ 'ಕರೆಂಟ್ ಡಿಮ್ ಅದ'. ಡಿಮ್ ಅನ್ನೋದು ಟ್ಯೂಬ್‌ಲೈಟು, ಫ್ಯಾನು ನೋಡಿ ಹುಟ್ಟಿದ ಮಾತು. ಮನೆಯಲ್ಲಿ ಯಾರ ಹತ್ತಿರವೂ ಮಲ್ಟಿಮೀಟರ್ ಇಲ್ಲ, ಆದರೆ ಫ್ಯಾನಿನ ರೆಕ್ಕೆ ಎಣಿಸೋಕೆ ಬಂದರೆ ವೋಲ್ಟೇಜ್ ಬಿದ್ದಿದೆ ಅಂತ ಅಜ್ಜಿಗೂ ಗೊತ್ತು. ದೀಪಾವಳಿ ರಜೆಗೆ ನಾವು ಮಲ್ಟಿಮೀಟರ್ ಒಯ್ದು ಅಫಜಲಪುರದ ಹೊಲದ ಮನೆಯಲ್ಲಿ ನೋಡಿದೆವು. ಹೆಸರಿಗೆ 230 ವೋಲ್ಟ್ ಇರಬೇಕಾದ ಕಡೆ ಒಂದು ಸಂಜೆ 168 ತೋರಿಸಿತು. ಮೀಟರ್ ಕೆಟ್ಟಿದೆ ಅಂದುಕೊಂಡು ಸೆಲ್ ಬದಲಿಸಿ ನೋಡಿದೆವು, ಮತ್ತೆ 168.

ಇದರಲ್ಲಿ ಯಾರದ್ದೋ ತಪ್ಪು ಹುಡುಕಬೇಕಾಗಿಲ್ಲ, ಓಮ್‌ನ ನಿಯಮ ಸಾಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಫೀಡರನ್ನು ಪಂಪ್‌ಸೆಟ್ಟಿನ ಫೀಡರಿನಿಂದ ಬೇರೆ ಮಾಡಿದ್ದಾರೆ. ಆದರೆ ಹೊಲದಲ್ಲೇ ಮನೆ ಕಟ್ಟಿಕೊಂಡವರು ಎಷ್ಟೋ ಕಡೆ ಪಂಪ್‌ಸೆಟ್ಟಿನ ಲೈನಿನ ಮೇಲೇ ಇದ್ದಾರೆ. ಭೀಮಾ ದಂಡೆಯ ಕಬ್ಬಿಗೆ ನೀರು ಬಿಡುವ ಹೊತ್ತಿಗೆ ಮೋಟಾರುಗಳೆಲ್ಲಾ ಒಟ್ಟಿಗೆ ಶುರುವಾದರೆ, ಉದ್ದನೆಯ ತಂತಿಯ ಕೊನೆಯಲ್ಲಿ ಕೂತ ಮನೆಗೆ ಉಳಿದದ್ದು ಬರುತ್ತೆ. ರಾತ್ರಿ ಮೋಟಾರುಗಳು ನಿಂತರೆ ಅದೇ ತಂತಿಯಲ್ಲಿ ವೋಲ್ಟೇಜ್ ಏರುತ್ತೆ.

ಫ್ಯಾನು ವೋಲ್ಟೇಜ್ ಕಮ್ಮಿಯಾದರೆ ನಿಧಾನ ಆಗುತ್ತೆ, ಹಳೇ ಬಲ್ಬು ಮಂಕಾಗುತ್ತೆ. ಎಸ್‌ಎಂಪಿಎಸ್ ಮಾತ್ರ ಹಾಗೆ ಸುಮ್ಮನೆ ಬಗ್ಗಲ್ಲ. ಜಿಪಿಯು ಕೇಳಿದಷ್ಟು ವ್ಯಾಟ್ ಅದು ಕೊಡಲೇಬೇಕು. ವೋಲ್ಟೇಜ್ ಇಳಿದರೆ ಅಷ್ಟೇ ವ್ಯಾಟಿಗೆ ಗೋಡೆಯಿಂದ ಹೆಚ್ಚು ಆಂಪಿಯರ್ ಎಳೀತದೆ. ನಮ್ಮ ಮಷಿನ್ನಿನ ಲೆಕ್ಕ ಹಾಕಿ ನೋಡೋಣ. ರೈಜೆನ್ 5 7600 ಹೆಚ್ಚೆಂದರೆ 88 ವ್ಯಾಟ್, ಆರ್‌ಟಿಎಕ್ಸ್ 4060 ಕಾರ್ಡಿಗೆ 115, ಬೋರ್ಡು, ರ್‍ಯಾಮು, ಎಸ್‌ಎಸ್‌ಡಿ, ಫ್ಯಾನು ಎಲ್ಲಾ ಸೇರಿ 40-50. ಒಟ್ಟು ಸುಮಾರು 250 ವ್ಯಾಟ್. ಎಸ್‌ಎಂಪಿಎಸ್ ದಕ್ಷತೆ ಶೇ. 90 ಅಂದರೆ ಗೋಡೆಯಿಂದ 278 ವ್ಯಾಟ್. 230 ವೋಲ್ಟಿನಲ್ಲಿ ಅದು 1.2 ಆಂಪಿಯರ್, 168ರಲ್ಲಿ 1.65. ತಂತಿಯಲ್ಲಿ, ಎಸ್‌ಎಂಪಿಎಸ್ಸಿನ ಒಳಗಿನ ಸುರುಳಿಯಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗದ ಪ್ರಮಾಣದಲ್ಲಿ ಏರುತ್ತೆ, ಅಂದ್ರೆ ಹತ್ತಿರ ಹತ್ತಿರ ಎರಡು ಪಟ್ಟು. ನಮ್ಮೂರಿನಲ್ಲಿ ಕರೆಂಟ್ ಡಿಮ್ ಆದಾಗ ಎಸ್‌ಎಂಪಿಎಸ್ ಒಳಗೆ ಕರೆಂಟ್ ಜಾಸ್ತಿ ಆಗಿರುತ್ತೆ. ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಇದೇ ಸಮೀಕರಣ ಬರೆದು ಮಾರ್ಕ್ಸ್ ತಗೊಂಡಿದ್ದೆವು. ಅದು ನಮ್ಮ ಮನೆಯ ಫ್ಯಾನಿನ ಬಗ್ಗೆ ಅಂತ ಯಾರಿಗೂ ಹೊಳೆದಿರಲಿಲ್ಲ.

ಹಾಗಾಗಿ ಲೇಬಲ್ಲಿನಲ್ಲಿ ನಾವು ಎರಡನೇದಾಗಿ ಓದುವುದು ಇನ್‌ಪುಟ್ ಸಾಲು. ಕೆಲವು ಬಜೆಟ್ ಎಸ್‌ಎಂಪಿಎಸ್‌ಗಳ ಮೇಲೆ '200-240 ವೋಲ್ಟ್' ಅಂತ ಇರುತ್ತೆ, ಕೆಲವರ ಮೇಲೆ '100-240'. ಎರಡೂ ಭಾರತದಲ್ಲೇ ಮಾರ್ತಾರೆ, ಪಕ್ಕಪಕ್ಕದಲ್ಲೇ ಇಟ್ಟಿರ್ತಾರೆ, ರಿವ್ಯೂ ಮಾಡುವವರು ಈ ಸಾಲನ್ನು ಓದೋದೇ ಕಡಿಮೆ. ವೋಲ್ಟೇಜ್ ಗಟ್ಟಿ ಇರುವ ಕಡೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. 168 ವೋಲ್ಟಿನ ಸಂಜೆಯಲ್ಲಿ ಒಂದಕ್ಕೆ ಅದು ಮಾಮೂಲಿ ದಿನ, ಇನ್ನೊಂದು ತನಗೆ ಹೇಳಿದ ಗಡಿಯ ಹೊರಗೆ ಕೆಲಸ ಮಾಡ್ತಿರುತ್ತೆ. ನಮ್ಮ ಮೂರು ತಾಲ್ಲೂಕಿನವರಿಗೆ ಬೇರೆ ಯಾವ ಸಲಹೆ ನೆನಪಿರದಿದ್ದರೂ ಇದೊಂದು ನೆನಪಿರಲಿ: 100-240 ಇಲ್ಲದ್ದನ್ನು ಮನೆಗೆ ತರಬೇಡಿ.

80 ಪ್ಲಸ್ ಬ್ಯಾಡ್ಜಿನ ಬಗ್ಗೆ ಎಲ್ಲರೂ ಬೇಕಾದಷ್ಟು ಮಾತಾಡ್ತಾರೆ, ನಾವು ಕಮ್ಮಿ ಮಾತಾಡ್ತೀವಿ. ಬ್ರಾಂಜ್, ಗೋಲ್ಡ್ ಅನ್ನೋದು ದಕ್ಷತೆಯ ಮಾತು, ಗಟ್ಟಿತನದ್ದಲ್ಲ. ಅರ್ಧ ಲೋಡಿನಲ್ಲಿ ಬ್ರಾಂಜ್ ಸುಮಾರು ಶೇ. 85, ಗೋಲ್ಡ್ ಸುಮಾರು 90. ದಿನಕ್ಕೆ ನಾಲ್ಕು ತಾಸು ಆಡಿದರೆ ತಿಂಗಳಿಗೆ ಉಳಿಯೋದು ಎರಡು ಯೂನಿಟ್. ಗೃಹಜ್ಯೋತಿಯ ಲೆಕ್ಕದಲ್ಲಿ ಅಪ್ಪ ಮೀಟರ್ ನೋಡಿ ಮುಖ ಗಂಟು ಹಾಕೋದು ಆ ಎರಡು ಯೂನಿಟ್ಟಿಗಲ್ಲ, ನಾವು ಆಡಿ ಏರಿಸಿದ ಉಳಿದ ಮೂವತ್ತು ಚಿಲ್ಲರೆ ಯೂನಿಟ್ಟಿಗೆ. ಇನ್ನೊಂದು ಮಾತು: ಆ ಪರೀಕ್ಷೆ ಮಾಡುವುದು 23 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ನೆರಳಿನಲ್ಲೇ 42 ಡಿಗ್ರಿ ದಾಟುತ್ತೆ. ಅದಕ್ಕೇ ಬ್ಯಾಡ್ಜಿಗಿಂತ 'ಪೂರ್ಣ ಲೋಡು ಎಷ್ಟು ಡಿಗ್ರಿವರೆಗೆ' ಅನ್ನುವ ಸಾಲು ಮುಖ್ಯ. 40 ಅಂತ ಇದ್ದರೆ ನಮ್ಮ ಬೇಸಿಗೆ ಅದಕ್ಕಿಂತ ಮುಂದೆ ಹೋಗಿ ನಿಂತಿರುತ್ತೆ, 50 ಅಂತ ಇದ್ದದ್ದನ್ನು ಹುಡುಕಿ. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರ ಹಳೇ ಲೆಕ್ಕ.

ಕಾಂಪ್ಯಾಕ್ಟ್ ಅಂದಾಗ ಈ ಬಿಸಿ ಇನ್ನೂ ದೊಡ್ಡ ಸಮಸ್ಯೆ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ. ಎಸ್‌ಎಫ್‌ಎಕ್ಸ್ ಅಂದ್ರೆ 125 ಅಗಲ, 100 ಉದ್ದ, 63.5 ಎತ್ತರ. ಅಮೂಲ್ ಬೆಣ್ಣೆಯ ದೊಡ್ಡ ಪ್ಯಾಕಿನ ಅಣ್ಣ ಅನ್ನಿ. ಅದರ ಮೇಲೆ ಕೂರುವ ಫ್ಯಾನು ಸಾಮಾನ್ಯವಾಗಿ 92 ಮಿ.ಮೀ., ಎಟಿಎಕ್ಸ್‌ಗೆ 120. ಸಣ್ಣ ಫ್ಯಾನು ಅಷ್ಟೇ ಗಾಳಿಗೆ ಜೋರಾಗಿ ತಿರುಗಬೇಕು. ಸ್ವಲ್ಪ ಉದ್ದದ ಎಸ್‌ಎಫ್‌ಎಕ್ಸ್-ಎಲ್‌ಗೆ, ಅಂದ್ರೆ 130 ಉದ್ದಕ್ಕೆ, ಜಾಗ ಇರುವ ಕ್ಯಾಬಿನೆಟ್ ಸಿಕ್ಕರೆ ಅದನ್ನೇ ತಗೊಳ್ಳಿ ಅಂತ ನಮ್ಮ ಅಭಿಪ್ರಾಯ. ಬ್ಯಾಗಿನಲ್ಲಿ ಎರಡು ಬೆರಳು ಜಾಗ ಹೋದರೆ ಹೋಗಲಿ. ಇನ್ನೂ ಸಣ್ಣದು ಬೇಕು ಅಂತ ಫ್ಲೆಕ್ಸ್ ಎಟಿಎಕ್ಸ್‌ಗೆ ಹೋಗಬೇಡಿ. ಅದರ 40 ಮಿ.ಮೀ. ಫ್ಯಾನಿನ ಸಿಳ್ಳೆ ಕೇಳಿದ ಮನೆಯವರು ಪಿಸಿಯನ್ನು ದನದ ಕೊಟ್ಟಿಗೆಗೆ ಕಳಿಸ್ತಾರೆ. ತೊಗರಿ ರಾಶಿ ಮಾಡುವ ಡಿಸೆಂಬರ್-ಜನವರಿಯಲ್ಲಿ ಹೊಲದ ಮನೆಗೆ ಒಯ್ದರೆ ಫ್ಯಾನಿನ ಮುಂದೆ ಜಾಳಿಗೆ ಕಡ್ಡಾಯ. ತೊಗರಿ ಹೊಟ್ಟಿಗೆ ಗೋಲ್ಡ್, ಪ್ಲಾಟಿನಂ ಭೇದ ಇಲ್ಲ.

ಎಷ್ಟು ವ್ಯಾಟ್ ಅನ್ನೋದರ ಮೇಲೆ ನಮ್ಮೊಳಗೇ ಎರಡು ದಿನ ಜಗಳ ಆಯಿತು. 250 ಬೇಕಾದ ಮಷಿನ್ನಿಗೆ 450 ಸಾಕು ಅಂತ ಆಳಂದದವನು. ಕಾರ್ಡಿನ ಕಂಪನಿ 550 ಅಂತ ಹೇಳುತ್ತೆ, ಅದಕ್ಕೇ 550 ಅಂತ ಜೇವರ್ಗಿಯವನು. ಕೊನೆಗೆ 600ರ ಹತ್ತಿರದ್ದನ್ನೇ ತಗೋಬೇಕು ಅಂತ ಆಯಿತು. ಕಾರಣ ಮಾತ್ರ ಇಬ್ಬರದ್ದೂ ಅಲ್ಲ, ಹೋಲ್ಡ್-ಅಪ್ ಟೈಮ್. ಗೋಡೆಯ ಕರೆಂಟ್ ನಿಂತ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ದೊಡ್ಡ ಕೆಪ್ಯಾಸಿಟರಿನ ಬಲದಿಂದ ಎಷ್ಟು ಮಿಲಿಸೆಕೆಂಡ್ ಪಿಸಿಯನ್ನು ಎಬ್ಬಿಸಿಟ್ಟಿರುತ್ತೆ ಅನ್ನೋದು. ಇಂಟೆಲ್‌ನ ಹಳೇ ಮಾರ್ಗಸೂಚಿ ಪೂರ್ಣ ಲೋಡಿಗೆ 16 ಮಿಲಿಸೆಕೆಂಡ್ ಕೇಳುತ್ತಿತ್ತು. 2022ರಲ್ಲಿ ಬಂದ ಎಟಿಎಕ್ಸ್ 3.0 ಪೂರ್ಣ ಲೋಡಿಗೆ 12, ಶೇ. 80 ಲೋಡಿಗೆ 17 ಅನ್ನುತ್ತೆ. ನಮ್ಮ 50 ಹರ್ಟ್ಸ್‌ನ ಒಂದು ಸುತ್ತೇ 20 ಮಿಲಿಸೆಕೆಂಡ್. ಅಂದ್ರೆ ಒಂದು ಸುತ್ತು ತಪ್ಪಿದರೂ ಪೂರ್ಣ ಲೋಡಿನಲ್ಲಿರುವ ಪಿಸಿ ಮಲಗಬಹುದು. ಅದೇ ಎಸ್‌ಎಂಪಿಎಸ್ ಅರ್ಧಕ್ಕಿಂತ ಕಮ್ಮಿ ಲೋಡಿನಲ್ಲಿದ್ದರೆ ಕೆಪ್ಯಾಸಿಟರ್ ನಿಧಾನ ಖಾಲಿಯಾಗುತ್ತೆ, ಸಿಗುವ ಸಮಯ ಎರಡು ಪಟ್ಟಿನ ಹತ್ತಿರ. ನಾವು ಹೆಚ್ಚುವರಿ ವ್ಯಾಟ್ ಕೊಳ್ಳುವುದು ಜಿಪಿಯುಗಲ್ಲ, ಕರೆಂಟು ಹೋಗಿ ಇನ್ವರ್ಟರ್ ಏಳುವ ನಡುವಿನ ಆ ಸಣ್ಣ ಕತ್ತಲೆಗೆ.

ಇದರಲ್ಲೂ ಅಗ್ಗದ ಡಬ್ಬಿ ಮೋಸ ಮಾಡುತ್ತೆ. ಆಕ್ಟಿವ್ ಪಿಎಫ್‌ಸಿ ಇರುವ ಒಳ್ಳೆ ಎಸ್‌ಎಂಪಿಎಸ್ ಹೊರಗೆ 168 ಇರಲಿ, 230 ಇರಲಿ, ಒಳಗಿನ ಕೆಪ್ಯಾಸಿಟರನ್ನು 380-400 ವೋಲ್ಟಿಗೆ ಏರಿಸಿಟ್ಟಿರುತ್ತೆ. ಪಿಎಫ್‌ಸಿ ಇಲ್ಲದ್ದರಲ್ಲಿ ಕೆಪ್ಯಾಸಿಟರ್ ಹೊರಗಿನ ವೋಲ್ಟೇಜಿನ ಜೊತೆಗೇ ಇಳಿಯುತ್ತೆ. 230ರಲ್ಲಿ ಸುಮಾರು 325 ಇದ್ದದ್ದು 168ರಲ್ಲಿ 237. ಕೂಡಿಟ್ಟ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಹೊಂದಿಕೊಂಡದ್ದು, ಅಂದ್ರೆ ಅರ್ಧದಷ್ಟು ಆಗಲೇ ಹೋಯಿತು. ಕರೆಂಟ್ ಡಿಮ್ ಇದ್ದ ಸಂಜೆಯೇ ಕರೆಂಟ್ ಹೋಗುವ ಸಂಜೆ ಕೂಡ. ಆಸರೆ ಬೇಕಾದ ಹೊತ್ತಿಗೇ ಆಸರೆ ಅರ್ಧ.

ಪಿಎಫ್‌ಸಿಗೆ ಒಂದು ತಕರಾರೂ ಇದೆ. ಅಗ್ಗದ ಯುಪಿಎಸ್, ಹಳೇ ಇನ್ವರ್ಟರ್ ಕೊಡುವ ಮೆಟ್ಟಿಲು ಮೆಟ್ಟಿಲಾದ ತರಂಗ ಕಂಡರೆ ಕೆಲವು ಪಿಎಫ್‌ಸಿ ಎಸ್‌ಎಂಪಿಎಸ್‌ಗಳು ಬಂದ್ ಆಗಿಬಿಡ್ತವೆ. ಹಾಗಾಗಿ ಪ್ಯೂರ್ ಸೈನ್‌ವೇವ್ ಇನ್ವರ್ಟರ್ ಇರುವ ಮನೆಯಲ್ಲಿ ಮಾತ್ರ ಇದು ಸಲೀಸು. ನಮ್ಮ ಮೂರು ಮನೆಗಳಲ್ಲಿ ಒಂದರಲ್ಲಿ ಅದಿದೆ, ಇನ್ನೊಂದರಲ್ಲಿ ಹಳೇದು, ಹೊಲದ ಮನೆಯಲ್ಲಿ ಇನ್ವರ್ಟರೇ ಇಲ್ಲ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್ ಇರುತ್ತಲ್ಲ, ಪಿಸಿಗೆ ಬೇಕಾದದ್ದು ಯುಪಿಎಸ್ ಮೋಡ್. ಅದು ಬೇಗ ಬದಲಾಯಿಸುತ್ತೆ. ಆದರೆ ಆ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ರ ಕೆಳಗೆ ಬಿದ್ದರೂ ಬ್ಯಾಟರಿಗೆ ಜಿಗಿಯುತ್ತೆ. ಡಿಮ್ ಸಂಜೆಯಲ್ಲಿ ಕರೆಂಟ್ ಇದ್ದೂ ಬ್ಯಾಟರಿ ಖಾಲಿಯಾಗುತ್ತೆ. 150 ಆಂಪಿಯರ್-ಅವರ್‌ನ ಬ್ಯಾಟರಿಯನ್ನು ಮಾನಿಟರ್ ಸೇರಿದ ನಮ್ಮ ಪಿಸಿ ಮೂರ್ನಾಲ್ಕು ತಾಸಿಗೆ ಮುಗಿಸಿಬಿಡುತ್ತೆ. ಆಮೇಲೆ ನಿಜವಾಗಿ ಕರೆಂಟ್ ಹೋದರೆ ರಾತ್ರಿ ಅಜ್ಜಿಗೆ ಫ್ಯಾನಿಲ್ಲ. ಇದಕ್ಕೆ ನಾವು ಮಾಡಿಕೊಂಡ ಕರಾರು: ಇನ್ವರ್ಟರ್ ಮೇಲೆ ಆಟ ಇಲ್ಲ. ಕರೆಂಟ್ ಹೋದರೆ ಸೇವ್ ಮಾಡು, ಶಟ್‌ಡೌನ್ ಮಾಡು, ಹೊರಗೆ ಕಟ್ಟೆಗೆ ಬಾ. ಒಬ್ಬ ಈಗಾಗಲೇ ಒಮ್ಮೆ ಮುರಿದಿದ್ದಾನೆ, ರ್‍ಯಾಂಕ್ಡ್ ಮ್ಯಾಚ್ ನಡೆದಿತ್ತಂತೆ.

'ಇಷ್ಟೆಲ್ಲಾ ಯಾಕ್ರಲೇ, ಲ್ಯಾಪ್‌ಟಾಪ್ ತಗೊಂಡಿದ್ರ ಆಗ್ತಿರಲಿಲ್ಲೇನು?' ಅಂತ ಸೀನಿಯರ್ ಒಬ್ಬರು ಕೇಳಿದರು. ಈ ಪ್ರಶ್ನೆಗೆ ನಮ್ಮಲ್ಲಿ ಪೂರ್ತಿ ಉತ್ತರ ಇಲ್ಲ ಅಂತ ಒಪ್ಕೋತೀವಿ. ಲ್ಯಾಪ್‌ಟಾಪಿನ ಅಡಾಪ್ಟರ್ 100-240ರದ್ದೇ, ಬ್ಯಾಟರಿ ಅಂದ್ರೆ ಹೊಟ್ಟೆಯೊಳಗೇ ಯುಪಿಎಸ್. ನಮ್ಮ ಪರ ಇರೋದು ಒಂದೇ: ನಮ್ಮದರಲ್ಲಿ ಒಂದು ಭಾಗ ಹೋದರೆ ಆ ಭಾಗ ಮಾತ್ರ ಬದಲಾಗುತ್ತೆ, ನಮ್ಮ ಕೈಯಿಂದಲೇ, ಊರಿನಲ್ಲೇ. ಮೂವರ ದುಡ್ಡು ಒಂದೇ ಬೋರ್ಡಿನ ಮೇಲೆ ಬೆಸುಗೆ ಹಾಕಿ ಕೂತಿರಲ್ಲ. ಆದರೆ ಆ ಮಾತು ನಿಜ ಆಗಬೇಕಾದರೆ ಎಸ್‌ಎಂಪಿಎಸ್ ಸಾಯುವಾಗ ಒಂಟಿಯಾಗಿ ಸಾಯಬೇಕು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಮನೆಯೊಳಗೆ 230ರ ಜಾಗದಲ್ಲಿ 400ರ ಹತ್ತಿರದ ವೋಲ್ಟೇಜ್ ಬರಬಹುದು. ಅದನ್ನು ತಡಕೊಳ್ಳುವ ಎಸ್‌ಎಂಪಿಎಸ್ ಅಂತ ನಾವು ಕೇಳ್ತಿಲ್ಲ. ಫ್ಯೂಸ್, ಎಂಒವಿ ಸುಟ್ಟುಕೊಂಡು, ಓವರ್‌ವೋಲ್ಟೇಜ್ ರಕ್ಷಣೆಯಿಂದ 12 ವೋಲ್ಟನ್ನು ಕಡಿದುಹಾಕಿ, ಹಿಂದಿದ್ದವರನ್ನು ಉಳಿಸಲಿ ಅಷ್ಟೇ. ಅಕ್ಕನ ಡಿಸ್ಕಿನ ವಿಷಯದಲ್ಲಿ ಆಗಬೇಕಿದ್ದದ್ದು ಅದೇ.

ಮೂವರಲ್ಲಿ ಒಬ್ಬನಿಗೆ 200 ವ್ಯಾಟಿನ 4070 ಬೇಕಿತ್ತು. ಆ ಆಸೆ ಬಿಟ್ಟು 4060ಕ್ಕೆ ಇಳಿದು, ಉಳಿದ ದುಡ್ಡಿಗೆ ಗಟ್ಟಿ ಎಸ್‌ಎಫ್‌ಎಕ್ಸ್ ತಗೊಂಡೆವು. ಅವನು ಎರಡು ದಿನ ಮಾತಾಡಲಿಲ್ಲ. ಆಮೇಲೆ ಆಳಂದದಲ್ಲಿ ಮೊದಲ ಸಲ ಹಚ್ಚಿದ ಸಂಜೆ ಫ್ಯಾನು ನಿಧಾನ ಆಯಿತು, ಟ್ಯೂಬ್ ಮಿಣುಕಿತು, ಅಡುಗೆಮನೆಯಿಂದ 'ಕರೆಂಟ್ ಡಿಮ್ ಆತು ನೋಡಪ್ಪ, ಬಂದ್ ಮಾಡು' ಅಂತ ಕೂಗು ಬಂತು. ಸ್ಕ್ರೀನಿನಲ್ಲಿ ಆಟ ನಡೆದೇ ಇತ್ತು. ಅವನೇ ಮೊದಲು ನಕ್ಕ.

ಹೊಲದ ಮನೆಯಲ್ಲಿ ಇನ್ನೊಂದು ಕೆಲಸ ಬಾಕಿ ಇದೆ. ದೀಪಾವಳಿಗೆ ಅಲ್ಲಿ ಪಿಸಿ ಜೋಡಿಸಿ ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಇರುವೆ ಕಚ್ಚಿದ ಹಾಗೆ ಜುಮ್ ಅಂತು. ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಹೆದರಿದೆವು. ಅದು ಕೆಟ್ಟಿರಲಿಲ್ಲ. ಅದರ ಫಿಲ್ಟರಿನಲ್ಲಿ ಲೈನಿನಿಂದ ಅರ್ತಿಗೆ, ನ್ಯೂಟ್ರಲ್‌ನಿಂದ ಅರ್ತಿಗೆ ಒಂದೊಂದು ಸಣ್ಣ ಕೆಪ್ಯಾಸಿಟರ್ ಇರುತ್ತೆ. ಅರ್ತಿಂಗ್ ಇಲ್ಲದಿದ್ದರೆ ಲೋಹದ ಕ್ಯಾಬಿನೆಟ್ ಎರಡರ ನಡುವೆ, ಸುಮಾರು 115 ವೋಲ್ಟಿನಲ್ಲಿ ತೇಲುತ್ತೆ. ಕರೆಂಟ್ ತೀರಾ ಕಮ್ಮಿ, ಕೊಲ್ಲೋದಿಲ್ಲ. ಆದರೆ ಅದೇ ಮನೆಯಲ್ಲಿ ಗೀಜರು, ಗ್ರೈಂಡರ್ ಕೆಟ್ಟರೆ ಬರುವ ಕರೆಂಟಿಗೆ ಆ ದಾಕ್ಷಿಣ್ಯ ಇರಲ್ಲ. ನೋಡಿದರೆ ಮೂರು ಪಿನ್ನಿನ ಸಾಕೆಟ್ ಇದೆ, ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ. ಎಷ್ಟು ವರ್ಷದಿಂದ ಇಲ್ಲವೋ. ಆ ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದಾರೆ.

ಸಂಕ್ರಾಂತಿಗೆ ಮಷಿನ್ ಅಫಜಲಪುರಕ್ಕೆ ಹೋಗೋ ಸರದಿ. ಅದಕ್ಕಿಂತ ಮೊದಲು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು, ಮನೆಯ ಹಿಂದೆ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ ಸರಿಯಾಗಿ ಅರ್ತಿಂಗ್ ಹಾಕಿಸೋದು ಅಂತ ಮಾತಾಗಿದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತೆ, ಒಣಗಿದರೆ ಅರ್ತಿಂಗ್ ಸರಿ ಹಿಡಿಯಲ್ಲ. ಆಗಾಗ ಆ ಗುಂಡಿಗೆ ಒಂದು ಕೊಡ ನೀರು ಹಾಕೋ ಕೆಲಸ ಅಜ್ಜಿ ವಹಿಸಿಕೊಂಡಿದ್ದಾಳೆ. ತುಳಸಿಗೆ ಹಾಕುವಾಗ ಅದಕ್ಕೂ ಹಾಕ್ತಾಳಂತೆ. ಗುಂಡಿಯ ಖರ್ಚು ಮೂವರೂ ಹಂಚಿಕೊಂಡಿದ್ದೇವೆ, ಪಿಸಿಯ ಲೆಕ್ಕದಲ್ಲೇ ಬರೆದಿದ್ದೇವೆ.